ದಿನ್ನೆ ಹತ್ತಿದ ಬೆಂಕಿ

"ಗುರುಗಳೇ, ಕೇಡು ಬರುತ್ತದೆಂದು ಮೂರು ಸಲ ಹೇಳಿದರೂ ಕೇಳದವರಿಗೆ ಕೇಡು ಬಂದರೆ, ತಪ್ಪು ಯಾರದು?"

ಶಿಷ್ಯ ಕುಳಿತುಕೊಳ್ಳುವ ಮೊದಲೇ ಕೇಳಿದ. ಅವನ ಕಾಲಿಗೆ ಹೊಳೆಯ ಕೆಸರು ಇನ್ನೂ ಅಂಟಿಕೊಂಡಿತ್ತು. ಹೊಳೆದಂಡೆಯಲ್ಲಿ ನೇಕಾರರ ಕೇರಿಯೊಂದಿತ್ತು. ಈ ಸಲ ಹೊಳೆ ಉಕ್ಕಿ ಬರುತ್ತದೆ, ಮಳೆಗಾಲಕ್ಕೆ ಮೊದಲೇ ಮಠದ ಮೇಲಿನ ಬಯಲಿಗೆ ಬಂದುಬಿಡಿ ಎಂದು ಅವರಿಗೆ ಹೇಳಿ ಬರಲು ಗುರುಗಳು ಇವನನ್ನು ಕಳಿಸಿದ್ದರು. ಇವನು ಮೂರು ಸಲ ಹೋಗಿ ಬಂದಿದ್ದ. ಮೊದಲ ಸಲ ಅವರು ಮಜ್ಜಿಗೆ ಕೊಟ್ಟರು. ಎರಡನೆಯ ಸಲ ನಕ್ಕರು. ಮೂರನೆಯ ಸಲ ಮಗ್ಗದಿಂದ ತಲೆಯನ್ನೇ ಎತ್ತಲಿಲ್ಲ.

"ತಪ್ಪು ಯಾರದೆಂದು ಆಮೇಲೆ ನೋಡೋಣ. ಮೊದಲು ಕಾಲು ತೊಳೆದುಕೊಂಡು ಬಾ," ಎಂದರು ಗುರುಗಳು.

ಶಿಷ್ಯ ಕಾಲು ತೊಳೆದು ಬಂದ. ಕೆಸರು ಹೋಗಿತ್ತು, ಸಿಟ್ಟು ಹೋಗಿರಲಿಲ್ಲ. ಗುರುಗಳು ಅದನ್ನು ನೋಡಿಯೂ ನೋಡದವರ ಹಾಗೆ ಕತೆ ಶುರು ಮಾಡಿದರು.

ಒಂದು ದೊಡ್ಡ ಹೊಳೆಯ ದಂಡೆಯಲ್ಲಿ ಕುಂಬಾರರ ಊರೊಂದಿತ್ತು. ಮೂವತ್ತು ಮನೆ. ಒಳ್ಳೆಯ ಜೇಡಿಮಣ್ಣು ಹೊಳೆಯ ಅಂಚಿನಲ್ಲೇ ಸಿಗುತ್ತಿದ್ದದ್ದರಿಂದ ಊರೂ ಅಲ್ಲೇ ಕೂತಿತ್ತು. ಆ ಹೊಳೆಗೆ ಒಂದು ಕೆಟ್ಟ ಗುಣವಿತ್ತು. ಅದು ಊರಿನ ಮಳೆಗೆ ಏರುತ್ತಿರಲಿಲ್ಲ. ಎಲ್ಲೋ ದೂರದ ಬೆಟ್ಟಗಳ ಮೇಲೆ ಬಿದ್ದ ಮಳೆಯನ್ನು ಹೊತ್ತು ತಂದು, ಇಲ್ಲಿ ನೆತ್ತಿಯ ಮೇಲೆ ಬಿಸಿಲು ಕಾಯುತ್ತಿರುವಾಗಲೇ ಅಂಗಳಕ್ಕೆ ನುಗ್ಗುತ್ತಿತ್ತು. ಆಕಾಶ ನೋಡಿ ಎಚ್ಚರಗೊಳ್ಳುವವರಿಗೆ ಅಲ್ಲಿ ಎಚ್ಚರವಾಗುವಂತಿರಲಿಲ್ಲ.

ಆ ಊರಿಗೆ ಒಂದು ಕಟ್ಟಳೆಯಿತ್ತು. ಮಡಕೆ ಸುಡುವ ಆವಿಗೆಗೆ ಬೆಂಕಿ ಹಚ್ಚಿದವನು, ಅದು ಉರಿದು, ಆರಿ, ಬಾಯಿ ತೆರೆಯುವವರೆಗೆ ಅದರ ಬಳಿಯಿಂದ ಏಳಬಾರದು. ಈ ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ. ಹಸಿ ಮಡಕೆಗಳನ್ನು ಒಟ್ಟಿ, ಕುಳ್ಳು ಕಟ್ಟಿಗೆ ತುಂಬಿ, ಮೇಲೆ ಹುಲ್ಲು ಹಾಸಿ ಮಣ್ಣು ಮೆತ್ತುತ್ತಾರೆ. ಉರಿ ಏರಿದಂತೆ ಆ ಮೆತ್ತಿಗೆ ಬಿರುಕು ಬಿಡುತ್ತದೆ. ಬಿರುಕು ಬಿಟ್ಟಲ್ಲಿ ಕೂಡಲೇ ಮೆತ್ತಬೇಕು. ಒಂದು ಗಳಿಗೆ ಕಣ್ಣು ತಪ್ಪಿದರೆ ಗಾಳಿ ಒಳಹೊಕ್ಕು ತಿಂಗಳ ದುಡಿಮೆ ಒಡೆದು ಬೋಕಿಯಾಗುತ್ತದೆ. ಅದಕ್ಕೆ ಹಿಂದಿನವರು ಏಳಬೇಡ ಎಂದಿದ್ದರು. ಕೆಲಸದ ಎಚ್ಚರವಾಗಿದ್ದದ್ದು ಕಾಲ ಕಳೆದಂತೆ ಮಾನದ ಮಾತಾಯಿತು. ಆವಿಗೆ ಬಿಟ್ಟು ಎದ್ದವನ ಮನೆಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ.

ಸಂಕವ್ವ ಎಂಬವಳು ಆ ಊರ ಹಿರಿಯ ಕುಂಬಾರನ ಕಿರಿಯ ಸೊಸೆ. ಅವಳು ಮದುವೆಯಾಗಿ ಬಂದ ವರ್ಷವೇ ಹೊಳೆ ಬಂತು. ಶ್ರಾವಣದ ಒಂದು ಹಗಲು, ಒಳ್ಳೆಯ ಬಿಸಿಲು. ಜನ ಮಕ್ಕಳನ್ನು ಎತ್ತಿಕೊಂಡು ಊರಾಚೆಯ ದಿನ್ನೆಯ ಕಡೆ ಓಡಿದರು. ಸಂಕವ್ವನ ಗಂಡನ ಅಣ್ಣ ಓಡಲಿಲ್ಲ. ಅವನು ಹಚ್ಚಿದ ಆವಿಗೆ ಉರಿಯುತ್ತಿತ್ತು. ಕೆಂಪಗೆ ಕಾದ ಆವಿಗೆಯೊಳಗೆ ತಣ್ಣೀರು ನುಗ್ಗಿತು. ಅದು ಸಿಡಿದ ಸದ್ದು ಓಡುತ್ತಿದ್ದವರಿಗೆಲ್ಲ ಕೇಳಿಸಿತು. ಹಿಂದೆ ಹೋಗಿ ನೋಡುವ ಹಾಗಿರಲಿಲ್ಲ.

ದಿನ್ನೆಯ ಮೇಲೆ ಕುರಿಗಾಹಿಗಳ ಹಟ್ಟಿ. ಮೂವತ್ತು ಮನೆಯ ಜನ ಒಮ್ಮೆಲೇ ಏರಿ ಬರುವುದನ್ನು ಕಂಡು ಅವರಿಗೆ ಗಾಬರಿಯಾಯಿತು. ಅಲ್ಲಿದ್ದದ್ದು ಒಂದೇ ಹೊಂಡ, ಅದರ ನೀರು ಅವರ ಕುರಿಗಳಿಗೇ ಸಾಲುತ್ತಿರಲಿಲ್ಲ. ಅವರು ನಾಯಿಗಳನ್ನು ಬಿಟ್ಟರು. ಕೆಳಗೆ ನೀರು, ಮೇಲೆ ನಾಯಿ. ನಡುವಿನ ಇಳಿಜಾರಿನಲ್ಲಿ ಜನ ನಾಲ್ಕು ದಿನ ಕೂತರು. ಸಂಕವ್ವನ ಕೈಯಲ್ಲಿ ನೆರೆಮನೆಯವಳ ಕೂಸಿತ್ತು. ನಾಲ್ಕನೆಯ ದಿನ ಅದು ಅಳುವುದನ್ನು ನಿಲ್ಲಿಸಿತು. ನಿದ್ದೆ ಬಂದಿರಬೇಕೆಂದು ಅವಳು ಬಹಳ ಹೊತ್ತು ಅದನ್ನು ಹಾಗೇ ಎದೆಗವಚಿಕೊಂಡಿದ್ದಳು.

ನೀರು ಇಳಿಯಿತು. ಜನ ಇಳಿದು ಬಂದರು, ಗೋಡೆ ಎತ್ತಿದರು, ಮಡಕೆಯ ತಿಗರಿ ತಿರುಗಿಸಿದರು. ಆವಿಗೆ ಸಿಡಿದ ಜಾಗದಲ್ಲಿ ಒಂದು ಕಲ್ಲು ನಿಲ್ಲಿಸಿ ಅರಿಸಿನ ಕುಂಕುಮ ಹಚ್ಚಿದರು. ಅದರ ಮುಂದೆ ಗಡಿಗೆಯೊಂದರಲ್ಲಿ ಕೆಂಡ ಆರದ ಹಾಗೆ ಕಾಯ್ದುಕೊಂಡರು. ಊರಿನ ಪ್ರತಿಯೊಂದು ಆವಿಗೆಯನ್ನೂ ಆ ಕೆಂಡದಿಂದಲೇ ಹಚ್ಚುವುದು ರೂಢಿಯಾಯಿತು. ಬೇರೆ ಊರಿನವರಾಗಿದ್ದರೆ ಅಂಥ ಸಾವಿನ ಮೇಲೆ ಕಟ್ಟಳೆಯನ್ನು ಸಡಿಲಿಸುತ್ತಿದ್ದರೇನೋ. ಇವರು ಸತ್ತವನನ್ನೇ ಕಟ್ಟಳೆಗೆ ಕಾವಲು ನಿಲ್ಲಿಸಿದರು. ಅಳುತ್ತ ಅಳುತ್ತ ಮಾಡಿದ ತಪ್ಪು ಅದು. ಹಾಗಾಗಿ ಯಾರ ಕಣ್ಣಿಗೂ ಅದು ತಪ್ಪಾಗಿ ಕಾಣಲಿಲ್ಲ.

ಸಂಕವ್ವನಿಗೆ ಮಾತ್ರ ನೆಮ್ಮದಿ ಇರಲಿಲ್ಲ. ಅಣ್ಣ ಹೋದ ಮೇಲೆ ಮನೆಯ ಆವಿಗೆ ಹಚ್ಚುವ ಸರದಿ ಅವಳ ಗಂಡನದಾಗಿತ್ತು. ಅವನು ಮೆದು ಸ್ವಭಾವದವನು, ಅಪ್ಪನ ಮಾತಿಗೆ ಎದುರಾಡಿದವನಲ್ಲ. ಹೊಳೆ ಇನ್ನೊಮ್ಮೆ ಬಂದರೆ ಇವನೂ ಅಣ್ಣನ ಹಾಗೆ ಕೂತೇ ಇರುತ್ತಾನೆಂದು ಅವಳಿಗೆ ಗೊತ್ತಿತ್ತು. ಅವನು ಪ್ರತಿ ಸಲ ಕೆಂಡ ಹಾಕಲು ಬಗ್ಗಿದಾಗ ಅವಳು ಹೊಳೆಯ ಕಡೆ ನೋಡುತ್ತಿದ್ದಳು.

ಅವಳೂ ಮೂರು ಸಲ ಹೇಳಿದಳಪ್ಪ, ನಿನ್ನ ಹಾಗೆಯೇ. ಒಮ್ಮೆ ಗಂಡನಿಗೆ ಹೇಳಿದಳು, ಅವನು ನಕ್ಕು ಸುಮ್ಮನಾದ. ಒಮ್ಮೆ ಅತ್ತೆಗೆ ಹೇಳಿದಳು, ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂರನೆಯ ಸಲ ಊರ ಹಿರಿಯರು ಕೂತಿದ್ದ ಕಟ್ಟೆಯ ಮುಂದೆಯೇ ನಿಂತು ಮಾವನಿಗೆ ಹೇಳಿದಳು.

"ಹೊಳಿ ಮತ್ತ ಬರ್ತೈತ್ರಿ ಮಾವಾರ. ಬಂದಾಗ ಆವಿಗಿ ಬಿಟ್ಟು ಏಳೂಣಂತ ಈಗ ಮಾತು ಮಾಡ್ಕೊಳ್ಳೂಣು."

ಮಾವ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ಅವಳನ್ನೇ ನೋಡುತ್ತ ಮೆಲ್ಲಗೆ ಕೇಳಿದ.

"ಹಂಗಾದ್ರ ನನ್ನ ಮಗ ಹುಚ್ಚ ಏನವಾ?"

ಹೌದೆಂದರೆ ಸತ್ತವನಿಗೆ ಅವಮಾನ. ಇಲ್ಲವೆಂದರೆ ಉಳಿದವನಿಗೆ ಸಾವು. ಅವಳು ತಲೆ ಮೇಲೆ ಸೆರಗು ಎಳೆದುಕೊಂಡು ಮನೆಗೆ ಬಂದಳು. ಅಂದಿನಿಂದ ಆ ಮಾತನ್ನು ಮತ್ತೆ ಎತ್ತಲಿಲ್ಲ. ಸೊಸೆಗೆ ಬುದ್ಧಿ ಬಂತು ಎಂದು ಊರಿನವರು ಅಂದುಕೊಂಡರು. ಬುದ್ಧಿ ಬಂದದ್ದು ನಿಜ, ಅವರು ಅಂದುಕೊಂಡ ಬುದ್ಧಿಯಲ್ಲ.

ಬೇಸಿಗೆಯಲ್ಲಿ ಒಂದು ಬೆಳಗ್ಗೆ ಅವಳು ಕುರಿಗಳಿಗೆ ನೀರು ಹಾಕುವ ದೊಡ್ಡ ಮಣ್ಣಿನ ಬಾನಿಯೊಂದನ್ನು ತಲೆಯ ಮೇಲೆ ಹೊತ್ತು ದಿನ್ನೆ ಹತ್ತಿದಳು. ಗಂಡನಿಗೂ ಹೇಳಿರಲಿಲ್ಲ. ನಾಯಿಗಳು ಸುತ್ತುಗಟ್ಟಿದವು. ಬಾನಿ ಬೀಳದ ಹಾಗೆ ನಿಂತಳು. ಹಟ್ಟಿಯ ಯಜಮಾನ ಹಾಲಪ್ಪ ಎಂಬವನು ಕೋಲು ಹಿಡಿದು ಹೊರಗೆ ಬಂದ.

"ಹ್ವಾದ ವರ್ಷ ಇದ ನಾಯಿ ಬಿಟ್ಟಿದ್ದೆ ನಾ. ಮರ್ತಿಯೇನು?"

"ಮರ್ತಿಲ್ಲ ಅಣ್ಣಾ. ಅದಕ್ಕ ಈ ಸಲ ನೀರಿಗಿಂತ ಮದ್ಲ ನಾ ಬಂದೀನಿ."

ಹಾಲಪ್ಪ ನಾಯಿಗಳನ್ನು ಕರೆದುಕೊಂಡ. ಅವಳು ಬಾನಿ ಇಳಿಸಿದಳು. ಹೊಂಡಕ್ಕೆ ಕುರಿಗಳು ನೇರವಾಗಿ ಇಳಿದು ತುಳಿಯುವುದರಿಂದ ಅರ್ಧ ನೀರು ರಾಡಿಯಾಗಿ ಹಾಳಾಗುತ್ತಿತ್ತು. ಇಂಥ ಹತ್ತು ಬಾನಿಗಳಿದ್ದರೆ ನೀರು ಮೊಗೆದು ಹಾಕಬಹುದು, ಹೊಂಡದ ನೀರು ಬೇಸಿಗೆಯುದ್ದಕ್ಕೂ ಬರುತ್ತದೆ ಎಂದು ಅವಳು ತೋರಿಸಿದಳು. ಅದಕ್ಕೆ ಬದಲಾಗಿ ಅವಳು ಕೇಳಿದ್ದು ಇಷ್ಟೇ. ಆಷಾಢ, ಶ್ರಾವಣ ಎರಡು ತಿಂಗಳು ದಿನ್ನೆಯ ಮೇಲೆ ಒಂದು ಆವಿಗೆ ಸುಡುವಷ್ಟು ಜಾಗ. ನೆರೆ ಬಂದರೆ ನಮ್ಮನ್ನು ಇಟ್ಟುಕೊಳ್ಳಿ ಎಂದು ಕೇಳಲಿಲ್ಲ. ಹಾಗೆ ಕೇಳಿದ್ದರೆ ಹಾಲಪ್ಪ ಹಟ್ಟಿಯ ಜನರನ್ನು ಲೆಕ್ಕ ಹಾಕುತ್ತಿದ್ದ, ಕುರಿಗಳನ್ನು ಲೆಕ್ಕ ಹಾಕುತ್ತಿದ್ದ, ಕಡೆಗೆ ಇಲ್ಲ ಎನ್ನುತ್ತಿದ್ದ. ಒಂದು ಆವಿಗೆಯ ಜಾಗಕ್ಕೆ ಯಾರು ಇಲ್ಲವೆನ್ನುತ್ತಾರೆ?

ಮನೆಗೆ ಬಂದು ಮಾವನ ಮುಂದೆ ನಿಂತಳು.

"ಆವಿಗಿ ಬಿಟ್ಟು ಏಳಬಾರದು, ಒಪ್ಪಿದೆ. ಈ ಎರಡು ತಿಂಗಳು ಅದನ್ನ ದಿನ್ನಿ ಮ್ಯಾಲ ಹಚ್ಚಿದ್ರ ಕಟ್ಟಳಿ ಮುರೀತೈತೇನ್ರಿ ಮಾವಾರ?"

ಮುದುಕ ಕಟ್ಟಳೆಯ ಒಂದೊಂದು ಮಾತನ್ನೂ ಮನಸ್ಸಿನಲ್ಲೇ ತಿರುವಿ ನೋಡಿದ. ಕಟ್ಟಳೆಯಲ್ಲಿ ಎಲ್ಲಿ ಹಚ್ಚಬೇಕೆಂಬ ಮಾತೇ ಇರಲಿಲ್ಲ. ತಡೆಯಲು ಏನೂ ಸಿಗದಾಗ ಅವನು ಒಂದು ಶರತ್ತು ಹಾಕಿದ. ದಿನ್ನೆಯ ಆವಿಗೆಯನ್ನೂ ತನ್ನ ಮಗನ ಕಲ್ಲಿನ ಮುಂದಿನ ಕೆಂಡದಿಂದಲೇ ಹಚ್ಚಬೇಕು. ಬೇರೆ ಬೆಂಕಿ ಕೂಡದು. ಸಂಕವ್ವ ಒಪ್ಪಿದಳು.

ಆಮೇಲಿನ ಒಂಬತ್ತು ವರ್ಷ ಅವಳು ಪಟ್ಟ ಪಾಡನ್ನು ಹೇಳುತ್ತ ಹೋದರೆ ನಿನಗೆ ಆಕಳಿಕೆ ಬಂದೀತು. ಹಸಿ ಮಡಕೆಗಳನ್ನು ಬುಟ್ಟಿಯಲ್ಲಿಟ್ಟು ಏರು ಹತ್ತುವಾಗ ಕಾಲು ಜಾರಿದರೆ ಮುಗಿಯಿತು. ಮೊದಲ ವರ್ಷ ದಿನ್ನೆಯ ಗಾಳಿಗೆ ಅರ್ಧ ಆವಿಗೆ ಬೋಕಿಯಾಯಿತು. ಸಂಕವ್ವ ಗಾಳಿಗೆ ಗಡಿಗೆ ಮಾಡುತ್ತಾಳೆ ಎಂದು ಊರು ನಕ್ಕಿತು. ಅವಳ ಗಂಡ ನಗುತ್ತಲೇ ಹೊತ್ತ, ಹೊರುತ್ತಲೇ ಬೈದ, ಆದರೆ ಹೊರುವುದನ್ನು ಬಿಡಲಿಲ್ಲ. ಎರಡನೆಯ ವರ್ಷ ಗಾಳಿಗೆ ಅಡ್ಡವಾಗಿ ಕಲ್ಲಿನ ಗೋಡೆ ಎದ್ದಿತು. ಮೂರನೆಯ ವರ್ಷ ನಾಯಿಗಳು ಬೊಗಳುವುದನ್ನು ಬಿಟ್ಟವು. ಆವಿಗೆ ಕಾಯುವವರು ಬಿಸಿಲಿಗೆ ಒಣಗಬಾರದೆಂದು ನಾಲ್ಕು ಚಪ್ಪರಗಳಾದವು. ಕಾಯುವವರಿಗೆ ಹೊಟ್ಟೆ ಹಸಿಯುತ್ತದೆಂದು ಜೋಳ ತುಂಬಿದ ದೊಡ್ಡ ಹರವಿಗಳನ್ನು ಹೂಳಿದರು. ನೋಡಿ ನೋಡಿ ಇನ್ನುಳಿದ ಮನೆಗಳೂ ಒಂದೊಂದಾಗಿ ಬಂದವು. ಯಾರೂ ನೆರೆಗೆ ಹೆದರಿ ಬಂದವರಲ್ಲ. ದಿನ್ನೆಯ ಮೇಲೆ ಕುರಿಹಿಕ್ಕೆ ಬೇಕಾದಷ್ಟು ಸಿಗುತ್ತಿತ್ತು, ಉರುವಲಿಗೆ ಅಲೆಯಬೇಕಿರಲಿಲ್ಲ, ಅದಕ್ಕೆ ಬಂದರು. ಬಂದ ಕಾರಣ ಯಾವುದಾದರೇನು, ಏರುವ ದಾರಿ ಕಾಲಿಗೆ ರೂಢಿಯಾಯಿತು.

ಹೊಂಡದ ಪಕ್ಕದ ಕೆಂಪು ಮಣ್ಣನ್ನೂ ಅವಳು ತಿಗರಿಗೆ ಹಾಕಿ ನೋಡಿದಳು. ಅದು ಹಟಮಾರಿ ಮಣ್ಣು. ಎತ್ತಿದರೆ ಕುಸಿಯುತ್ತಿತ್ತು, ಸುಟ್ಟರೆ ಸೀಳುತ್ತಿತ್ತು. ಮರಳು ಬೆರೆಸಿದಳು, ಬೂದಿ ಬೆರೆಸಿದಳು, ಕಡೆಗೆ ಕುರಿಹಿಕ್ಕೆಯನ್ನು ಪುಡಿ ಮಾಡಿ ಜರಡಿ ಹಿಡಿದು ಬೆರೆಸಿದಳು. ಆರನೆಯ ವರ್ಷ ಒಂದು ಗಡಿಗೆ ಸೀಳದೆ ಉಳಿಯಿತು. ನೋಡಲು ಚೆಂದವಿರಲಿಲ್ಲ. ನೀರು ಮಾತ್ರ ಹಿಡಿಯಿತು.

ಪ್ರತಿ ವರ್ಷ ಅವಳು ಕೆಂಡಕ್ಕೆ ಬಂದಾಗ ಮಾವ ಕಲ್ಲಿನ ಮುಂದಿನ ಗಡಿಗೆಯಿಂದ ತಾನೇ ಕೆಂಡ ತೆಗೆದು ಕೊಡುತ್ತಿದ್ದ. ಒಮ್ಮೆಯೂ ದಿನ್ನೆ ಹತ್ತಲಿಲ್ಲ. ಅವಳೂ ಕರೆಯಲಿಲ್ಲ.

ಒಂಬತ್ತು ವರ್ಷ ಹೊಳೆ ಬರಲಿಲ್ಲ. ಇದು ಕತೆಯ ಕಷ್ಟದ ಜಾಗ. ಬರುವ ಕೇಡಿಗೆ ಕಾಯುವವನಿಗೆ ಅದು ಬಾರದೆ ಇರುವುದರಷ್ಟು ಕಷ್ಟ ಬೇರೆ ಇಲ್ಲ. ಹತ್ತನೆಯ ವರ್ಷ ಜನರಿಗೆ ಬೇಸರ ಬಂತು. ಈ ಹೊರುವ ಕೂಲಿ ಸಾಕು, ನಮ್ಮ ಅಂಗಳದಲ್ಲೇ ಸುಡೋಣ ಎಂದು ಒಬ್ಬರಲ್ಲ ಒಬ್ಬರು ಅನ್ನತೊಡಗಿದರು. ಮಾವನಿಗೆ ವಯಸ್ಸಾಗಿತ್ತು. ಕೈಯಲ್ಲಿ ಇನ್ನು ಬಲ ಉಳಿಯುವುದಿಲ್ಲ, ಇದೊಂದು ಕಡೆಯ ಆವಿಗೆಯನ್ನು ಮಗನ ಕಲ್ಲಿನ ಎದುರಿಗೇ ನನ್ನ ಕೈಯಾರೆ ಹಚ್ಚುತ್ತೇನೆ ಎಂದ. ಮುದುಕನ ಆಸೆಗೆ ಯಾರು ಬೇಡವೆನ್ನುತ್ತಾರೆ? ಸಂಕವ್ವನಿಗೂ ಬೇಡವೆನ್ನಲು ಬಾಯಿ ಬರಲಿಲ್ಲ. ಅವಳು ತನ್ನ ಪಾಲಿನ ಕೆಂಪು ಮಣ್ಣಿನ ಮಡಕೆಗಳನ್ನು ದಿನ್ನೆಯ ಮೇಲೆ ಒಟ್ಟಿದಳು. ಅತ್ತೆಯನ್ನೂ ಮಕ್ಕಳನ್ನೂ ಕೆಲಸದ ನೆಪ ಮಾಡಿ ಮೇಲೆ ಕರೆದುಕೊಂಡಳು. ಗಂಡ ಅಪ್ಪನ ನೆರವಿಗೆ ಕೆಳಗೇ ಉಳಿದ.

ಬೆಳಗ್ಗೆ ಮುದುಕ ಆವಿಗೆ ಹಚ್ಚಿದ. ಹೊತ್ತು ಮಾರುದ್ದ ಏರುವಷ್ಟರಲ್ಲಿ ದಿನ್ನೆಯ ತುದಿಯಿಂದ ಹಾಲಪ್ಪನ ಕೂಗು ಕೇಳಿತು. ಕೆಳಗಿನವರಿಗೆ ಕಾಣದ್ದು ಅವನಿಗೆ ಕಂಡಿತ್ತು. ಮೇಲ್ಗಡೆಯ ತಿರುವಿನಲ್ಲಿ ಹೊಳೆ ಬಣ್ಣ ತಿರುಗಿಸಿಕೊಂಡು, ಬೇರು ಸಮೇತ ಮರಗಳನ್ನು ತೇಲಿಸಿಕೊಂಡು ಬರುತ್ತಿತ್ತು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ.

ಸಂಕವ್ವ ಕೆಳಗೆ ಓಡಿದಳು. ಎದುರಿಗೆ ಜನ ಏರಿ ಬರುತ್ತಿದ್ದರು. ಅವರಿಗೆ ಯಾರೂ ದಾರಿ ತೋರಿಸಬೇಕಿರಲಿಲ್ಲ. ಮುದುಕಿಯರು ಕೂಡ ಎಲ್ಲಿ ಕಾಲಿಡಬೇಕೆಂದು ಬಲ್ಲವರ ಹಾಗೆ ಹತ್ತುತ್ತಿದ್ದರು. ಇಪ್ಪತ್ತೊಂಬತ್ತು ಮನೆಯವರನ್ನೂ ಅವಳು ಕಣ್ಣಲ್ಲೇ ಎಣಿಸಿದಳು. ಅವರಲ್ಲಿ ತನ್ನ ಮನೆಯವರು ಇರಲಿಲ್ಲ.

ಅವಳು ಹೋದಾಗ ನೀರು ಕಲ್ಲಿನ ಬುಡಕ್ಕೆ ಬಂದಿತ್ತು. ಕಲ್ಲಿನ ಮುಂದಿನ ಕೆಂಡದ ಗಡಿಗೆ ಬೋರಲಾಗಿ ಆರಿಹೋಗಿತ್ತು. ಮುದುಕ ಆವಿಗೆಯ ಒಡ್ಡಿಗೆ ಬೆನ್ನು ಕೊಟ್ಟು, ಹೊಳೆಗೆ ಮುಖ ಮಾಡಿ ಕೂತಿದ್ದ. ಗಂಡ ಬಿರುಕುಗಳಿಗೆ ಮಣ್ಣು ಮೆತ್ತುತ್ತಿದ್ದ.

"ಅಪ್ಪ ಏಳೂದಿಲ್ಲ," ಎಂದ. "ಅಪ್ಪನ್ನ ಬಿಟ್ಟು ನಾ ಹೆಂಗ ಏಳ್ಲಿ?"

ಆವಿಗೆಯ ಸುತ್ತ ಕಟ್ಟಿದ್ದ ಮಣ್ಣಿನ ಒಡ್ಡು ಇನ್ನೂ ಮೊಣಕಾಲುದ್ದ ನೀರನ್ನು ತಡೆಯಬಲ್ಲದು. ಅದಕ್ಕಿಂತ ಹೆಚ್ಚು ಬಂದರೆ ಸಿಡಿಯುತ್ತದೆ. ಸಂಕವ್ವನಿಗೆ ಗಂಡನ ರಟ್ಟೆ ಹಿಡಿದು ಎಳೆಯಬೇಕೆನ್ನಿಸಿತು. ಮಾವನ ಕಾಲಿಗೆ ಬೀಳಬೇಕೆನ್ನಿಸಿತು. ಚೀರಬೇಕೆನ್ನಿಸಿತು. ಬರ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹತ್ತು ವರ್ಷದ ಹಿಂದೆ ಕಟ್ಟೆಯ ಮುಂದೆ ಮುದುಕ ಕೇಳಿದ ಪ್ರಶ್ನೆ ಇನ್ನೂ ಹಾಗೇ ಇತ್ತು. ಬರ್ರಿ ಎಂದರೆ ಅವನ ಸತ್ತ ಮಗ ಹುಚ್ಚನೆಂದ ಹಾಗೆ. ಆ ಮಾತನ್ನು ಅವಳು ನುಂಗಿಕೊಂಡಳು.

ಅವಳು ಕಟ್ಟಿಗೆಯೊಂದನ್ನು ಎತ್ತಿ ಆವಿಗೆಯ ಬಾಯಿಗೆ ಹೊಡೆದಳು. ಮೆತ್ತಿದ ಮಣ್ಣು ಒಡೆದು ಬಿತ್ತು. ಗಂಡ ಬೆದರಿ ಹಿಂದೆ ಸರಿದ. ಉರಿಯುವ ಆವಿಗೆಯ ಬಾಯಿ ಒಡೆಯುವುದೆಂದರೆ ಒಳಗಿದ್ದ ಮಡಕೆಗಳೆಲ್ಲ ಹೋದ ಹಾಗೆ. ಅವಳು ಬೂದಿ ಹಾಸಿದ ಒಂದು ಗಡಿಗೆಗೆ ಕೆಂಡ ಎಳೆದು ತುಂಬಿದಳು. ಕೈ ಸುಟ್ಟಿತು. ಹೊರೆ ಹೊರಲು ತಲೆಗಿಟ್ಟಿದ್ದ ಸಿಂಬಿಯನ್ನು ತೆಗೆದು ಗಡಿಗೆಯ ಅಡಿಗೆ ಹಿಡಿದು, ಮಾವನ ಮುಂದೆ ನೀರಿನಲ್ಲಿ ನಿಂತಳು.

"ಬೆಂಕಿ ಮ್ಯಾಲ ಹೊಂಟೈತ್ರಿ ಮಾವಾರ. ಹಚ್ಚಿದವ್ರು ನೀವು. ಅದರ ಕೂಡ ಬರಬೇಕಲ್ರಿ."

ಮುದುಕ ಗಡಿಗೆಯನ್ನು ನೋಡಿದ. ಸೊಸೆ ಏನು ಮಾಡುತ್ತಿದ್ದಾಳೆಂದು ಅವನಿಗೆ ತಿಳಿಯದೆ ಇರಲಿಲ್ಲ. ಒಂಬತ್ತು ವರ್ಷ ಇದೇ ಬೆಂಕಿಯನ್ನು ತಾನೇ ಎತ್ತಿ ದಿನ್ನೆಗೆ ಕಳಿಸಿದ್ದ. ಅದು ನಡೆಯಬಲ್ಲ ಬೆಂಕಿ ಎಂದು ಅವನೇ ಒಪ್ಪಿದ ಹಾಗಾಗಿತ್ತು. ನೀರು ಅವನ ಮಡಿಲಿಗೆ ಬಂತು.

"ಅವತ್ತ ಮೂರು ಸಲ ಬಾ ಅಂತ ಕರದೆ ಅವನ್ನ," ಎಂದ. "ಬೆಂಕಿ ತಗೊಂಡು ಬಾ ಅನ್ನೂದು ನನಗ ಹೊಳೀಲಿಲ್ಲ."

ಸಂಕವ್ವ ಅಳಲಿಲ್ಲ. ಅಳಲು ಹೊತ್ತಿರಲಿಲ್ಲ. ಮುದುಕ ಎದ್ದ. ಗಡಿಗೆಗೆ ಕೈ ಚಾಚಿದ. ಅವಳು ಸಿಂಬಿಯನ್ನು ಅವನ ತಲೆಯ ಮೇಲಿಟ್ಟು ಅದರ ಮೇಲೆ ಗಡಿಗೆ ಇಟ್ಟಳು. ಗಂಡ ಅಪ್ಪನ ಸೊಂಟ ಹಿಡಿದ. ಮೂವರೂ ನೀರಿನಲ್ಲಿ ಹೆಜ್ಜೆ ಇಟ್ಟರು.

ದಿನ್ನೆಯ ಬುಡದಲ್ಲಿ ಒಂದು ತಗ್ಗು. ಬೇಸಿಗೆಯಲ್ಲಿ ಮಕ್ಕಳು ಹಾರಿ ದಾಟುವಷ್ಟು ಸಣ್ಣದು. ಈಗ ಅಲ್ಲಿ ನೀರು ಎದೆಗೆ ಬರುತ್ತಿತ್ತು, ಜೋರಾಗಿ ಸೆಳೆಯುತ್ತಿತ್ತು. ಹಿಂದೆ ಆವಿಗೆ ಸಿಡಿಯಿತು. ಹತ್ತು ವರ್ಷದ ಹಿಂದಿನ ಅದೇ ಸದ್ದು. ಗಂಡ ತಿರುಗಿ ನೋಡಿದ. ಆ ಒಂದು ಕ್ಷಣಕ್ಕೆ ಅವನ ಕಾಲು ಕಿತ್ತು ಸೊಂಟ ಹಿಡಿದಿದ್ದ ಕೈ ಸಡಿಲಿತು, ಮುದುಕ ಒಂದು ಕಡೆಗೆ ವಾಲಿದ. ಸಂಕವ್ವ ಒಂದು ಕೈಯಲ್ಲಿ ಗಂಡನ ಅಂಗಿ, ಇನ್ನೊಂದರಲ್ಲಿ ಮಾವನ ತೋಳು ಹಿಡಿದಳು. ಎರಡನ್ನೂ ಹಿಡಿದುಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ. ಯಾವುದನ್ನು ಬಿಡುವುದೆಂದು ಅವಳ ಮನಸ್ಸು ಯೋಚಿಸಿತು, ಯೋಚಿಸಿದ್ದಕ್ಕೆ ಅವಳು ಬದುಕಿರುವವರೆಗೂ ನಾಚಿಕೊಂಡಳು.

ಆಗ ಆಚೆ ದಡದಿಂದ ಏನೋ ಬಂದು ಅವಳ ಮುಖಕ್ಕೆ ಬಡಿಯಿತು. ಒದ್ದೆ ಕಂಬಳಿ. ಕಂಬಳಿಗೆ ಕಂಬಳಿ ಗಂಟು ಹಾಕಿ ಹಟ್ಟಿಯವರು ಎಸೆದಿದ್ದರು. ಇನ್ನೊಂದು ತುದಿ ಹಿಡಿದು ಹಾಲಪ್ಪ ಸೊಂಟದುದ್ದ ನೀರಿನಲ್ಲಿ ನಿಂತಿದ್ದ. ಅವನ ಹಿಂದೆ ಕುಂಬಾರರು, ಕುರಿಗಾಹಿಗಳು ಒಬ್ಬರನ್ನೊಬ್ಬರು ಹಿಡಿದು ಸಾಲಾಗಿ ನಿಂತಿದ್ದರು. ಸಂಕವ್ವ ಕಂಬಳಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಗಂಡ ಅದನ್ನು ಕೈಗೆ ಸುತ್ತಿಕೊಂಡ. ಅವರು ಎಳೆದರು.

ದಡ ಹತ್ತಿದಾಗ ಗಡಿಗೆ ಮುದುಕನ ತಲೆಯ ಮೇಲೆಯೇ ಇತ್ತು. ಹಾಲಪ್ಪ ಅದನ್ನು ಇಳಿಸಿಕೊಳ್ಳಲು ಕೈ ಚಾಚಿದ. ಮುದುಕ ಕೊಡಲಿಲ್ಲ. ತಾನೇ ಹೊತ್ತು ಮೇಲಕ್ಕೆ ನಡೆದ. ಹತ್ತು ವರ್ಷದಲ್ಲಿ ಒಮ್ಮೆಯೂ ಕಾಣದ ದಾರಿಯಲ್ಲಿ ಅವನು ಒಂದೊಂದು ಕಲ್ಲನ್ನೂ ತಡವರಿಸುತ್ತ ಹತ್ತಿದ. ಗೋಡೆ ನೋಡಿದ, ಚಪ್ಪರ ನೋಡಿದ, ಸೊಸೆ ಒಟ್ಟಿದ್ದ ಕೆಂಪು ಮಡಕೆಗಳನ್ನು ನೋಡಿದ. ಬಗ್ಗಿ ಕೆಂಡ ಹಾಕಿದ. ಆಮೇಲೆ ಅದರ ಬಳಿ ಕೂತ. ಎರಡು ದಿನ ಏಳಲಿಲ್ಲ.

ಈ ಸಲ ನೀರು ಹದಿನೆಂಟು ದಿನ ನಿಂತಿತು. ಚಪ್ಪರದಡಿ ಹೂಳಿದ್ದ ಜೋಳ ಹನ್ನೆರಡು ದಿನಕ್ಕೆ ಬಂತು. ಉಳಿದ ದಿನ ಹಟ್ಟಿಯ ಹಾಲು. ನೀರು ಇಳಿದಾಗ ಊರಿರಲಿಲ್ಲ. ಹೊಳೆ ದಂಡೆಯನ್ನೇ ತಿಂದು ತನ್ನ ದಾರಿ ಬದಲಿಸಿತ್ತು. ಜೇಡಿಮಣ್ಣಿನ ಗುಂಡಿಗಳ ಮೇಲೆ ಆಳೆತ್ತರದ ಮರಳು ಬಿದ್ದಿತ್ತು. ಕಲ್ಲು ಎಲ್ಲಿ ಹೋಯಿತೋ ಸಿಗಲಿಲ್ಲ. ಮುದುಕ ಹುಡುಕಲೂ ಹೇಳಲಿಲ್ಲ. ಬೇರೆ ಊರುಗಳ ಜನ ಗಂಟುಮೂಟೆ ಕಟ್ಟಿಕೊಂಡು ದಾರಿ ಹಿಡಿದು ಹೋಗುತ್ತಿದ್ದರು. ಎಲ್ಲಿಗೆಂದು ಕೇಳಿದರೆ ಅವರಿಗೇ ಗೊತ್ತಿರಲಿಲ್ಲ. ಈ ಮೂವತ್ತು ಮನೆಯವರು ಎಲ್ಲಿಗೂ ಹೋಗಲಿಲ್ಲ. ಕುರಿಹಿಕ್ಕೆ ಎಷ್ಟು ಬೆರೆಸಬೇಕೆಂದು ಸಂಕವ್ವನ ಬಳಿ ಒಬ್ಬೊಬ್ಬರಾಗಿ ಬಂದು ಕೇಳಿಕೊಂಡು ಹೋದರು. ಗಾಳಿಗೆ ಗಡಿಗೆ ಮಾಡುತ್ತಾಳೆ ಎಂದು ನಕ್ಕವರೂ ಬಂದರು. ಹೊಂಡದ ನೀರಿಗೆ ಹಟ್ಟಿಯವರ ಜೊತೆ ಜಗಳವೂ ಆಯಿತು. ಅಕ್ಕಪಕ್ಕದವರ ನಡುವೆ ಆಗುವಂಥ ಜಗಳ ಅದು, ನಾಯಿ ಬಿಡುವಂಥದ್ದಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿ ನೀರು ಕುಡಿದರು.

"ಆ ಸೊಸೆ ಬಲು ಜಾಣೆ," ಎಂದ ಶಿಷ್ಯ. ಅವನ ಸಿಟ್ಟು ಇಳಿದಿತ್ತು. "ಆದರೆ ಗುರುಗಳೇ, ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ನಾನು ಸರಿಯಾಗಿಯೇ ಹೇಳಿದೆ. ಎಷ್ಟು ನೀರು ಬರಬಹುದು, ಎಲ್ಲಿಗೆ ಬರಬೇಕು, ಯಾವಾಗ ಬರಬೇಕು, ಎಲ್ಲವನ್ನೂ ಹೇಳಿದೆ. ನೇಕಾರರು ಕೇಳದಿದ್ದರೆ ನಾನೇನು ಮಾಡಲಿ?"

ಗುರುಗಳು ಅವನ ಮುಖ ನೋಡಿದರು.

"ಮೂರು ಸಲ ಹೋಗಿ ಬಂದೆಯಲ್ಲ, ಅವರು ಬಿಟ್ಟು ಬರಲಾರದ್ದು ಏನೆಂದು ನೋಡಿಕೊಂಡು ಬಂದೆಯಾ?"

ಮಗ್ಗದಿಂದ ತಲೆ ಎತ್ತದ ನೇಕಾರರನ್ನು ನೆನೆದು ಶಿಷ್ಯ ಎದ್ದು ಮತ್ತೆ ಹೊಳೆಯ ದಾರಿ ಹಿಡಿದ.